ಎಡಚನ ಗಿಟಾರ್ ಯಾರ್ಯಾರ ಕೈಗೆ ಹೋಯ್ತು

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಗಿಟಾರ್ ಹೇಳ್ಕೊಡೋನು, ಭಾಷಣ ಗೀಷಣ ಅಭ್ಯಾಸ ಇಲ್ಲ, ಮಾತು ಅಲ್ಲಿ ಇಲ್ಲಿ ಹರಿದುಹೋದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. (ಓದೋರಿಗೆ ಒಂದು ಮಾತು: ಆವತ್ತು ಮುಂದಿನ ಸಾಲಲ್ಲಿ ಕೂತಿದ್ದ ಹುಡುಗನೊಬ್ಬ ಎಲ್ಲಾನೂ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿದ, ಅದನ್ನೇ ಕೇಳ್ಕೊಂಡು ಟೈಪ್ ಮಾಡಿರೋದು, ನಡುನಡುವೆ ನುಡಿಸಿ ತೋರಿಸಿದ್ದನ್ನ ಮಾತಲ್ಲೇ ಹೇಳೋ ಸಾಹಸ ಮಾಡಿದೀನಿ.)

ಜಿಮಿ ಹೆಂಡ್ರಿಕ್ಸ್, ಅರವತ್ತರ ದಶಕದ ಅಮೆರಿಕದ ರಾಕ್ ಗಿಟಾರ್ ವಾದಕ, ಅವನ ಬಗ್ಗೆ ಮಾತಾಡಿ ಅಂದ್ರು. ನಾನು ಒಂದು ಕ್ಯಾಸೆಟ್‌ನಿಂದ ಶುರು ಮಾಡ್ತೀನಿ. ತೊಂಬತ್ತರ ದಶಕದ ನಡುವೆ, ಮೈಸೂರಲ್ಲಿ ಪಿಯುಸಿ ಓದ್ತಿದ್ದೆ, ಬಸ್ ಚಾರ್ಜಲ್ಲಿ ಉಳಿಸಿದ ದುಡ್ಡಲ್ಲಿ ಹೆಂಡ್ರಿಕ್ಸ್ ಹಿಟ್ಸ್ ಅಂತ ಒಂದು ಕ್ಯಾಸೆಟ್ ತಂದೆ. ಮನೆಗೆ ಬಂದು ಹಾಕಿದ್ರೆ ಏನೋ ಗುಂಯ್ ಅಂತ ದೂರದಿಂದ ಎದ್ದು ಬರ್ತಾ ಇದೆ, ಆಮೇಲೆ ಕರಕರ, ಆಮೇಲೆ ಇನ್ನೊಂದು ಹಾಡಲ್ಲಿ ಗಿಟಾರ್ ಹಿಂದುಮುಂದಾಗಿ ಓಡ್ತಾ ಇದೆ, ಮತ್ತೊಂದರಲ್ಲಿ ಗಿಟಾರ್ ಬರೋದು ಮಾಯ ಆಗೋದು ಬರೋದು ಮಾಯ ಆಗೋದು. ಟೇಪು ಕೆಟ್ಟಿದೆ ಅಂತ ಮಾರನೇ ದಿನ ಅಂಗಡಿಗೆ ವಾಪಸ್ ತಗೊಂಡು ಹೋದೆ. ಅಂಗಡಿಯವರು ತಮ್ಮ ಡೆಕ್‌ನಲ್ಲಿ ಹಾಕಿ ಅರ್ಧ ನಿಮಿಷ ಕೇಳಿ, ತಮ್ಮಾ ಇದು ಹಿಂಗೇ ಇರೋದು, ಅಂದ್ಬಿಟ್ರು.

ಆಮೇಲೆ ಗೊತ್ತಾಗಿದ್ದು. ಗುಂಯ್ ಅಂತ ಎದ್ದು ಬರ್ತಿದ್ದಿದ್ದು ಫಾಕ್ಸಿ ಲೇಡಿ ಹಾಡಿನ ಶುರು, ತಂತಿನ ಬೆರಳಲ್ಲಿ ಅಲುಗಾಡಿಸ್ತಾ ಆಂಪ್, ಅಂದ್ರೆ ಗಿಟಾರ್ ಸದ್ದನ್ನ ಜೋರು ಮಾಡೋ ಪೆಟ್ಟಿಗೆ, ತಾನೇ ಕೂಗೋಕೆ ಬಿಟ್ಟಿರೋದು. ಹಿಂದುಮುಂದಾದ ಗಿಟಾರ್ ನಿಜವಾಗ್ಲೂ ಟೇಪ್ ತಿರುವಿ ಹಾಕಿ ರೆಕಾರ್ಡ್ ಮಾಡಿದ್ದು. ಮಾಯ ಆಗ್ತಿದ್ದಿದ್ದಕ್ಕೆ ಮಾತ್ರ ಅರ್ಧ ತಪ್ಪು ನಮ್ಮನೇದು, ನಮ್ಮ ಟೇಪ್ ರೆಕಾರ್ಡರ್‌ನ ಒಂದು ಸ್ಪೀಕರ್ ಸತ್ತಿತ್ತು, ಹೆಂಡ್ರಿಕ್ಸ್ ಮತ್ತೆ ಅವನ ಇಂಜಿನಿಯರ್ ಎಡ್ಡಿ ಕ್ರೇಮರ್ ಗಿಟಾರನ್ನ ಈ ಕಿವಿಯಿಂದ ಆ ಕಿವಿಗೆ ಓಡಾಡಿಸ್ತಿದ್ರು, ಆ ಕಿವಿಗೆ ಹೋದಾಗೆಲ್ಲ ನಮ್ಮನೇಲಿ ಗಿಟಾರ್ ಮನೆ ಬಿಟ್ಟು ಹೋಗ್ತಿತ್ತು, ಅಷ್ಟೇ.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ನನಗೆ ಹೆಂಡ್ರಿಕ್ಸ್ ಬಗ್ಗೆ ಹೇಳೋಕೆ ಇರೋದು ಒಂದೇ ವಿಷ್ಯ, ಅದು ಇದರಲ್ಲೇ ಇದೆ. ಆಗಿನ ಕಾಲಕ್ಕೆ ಯಾವುದನ್ನ ಎಲ್ಲರೂ ಕೆಟ್ಟಿದೆ, ತಪ್ಪು, ಕರ್ಕಶ ಅಂತಿದ್ರೋ ಅದನ್ನ ಅವನು ಎತ್ಕೊಂಡು ವಾದ್ಯದ ಒಳಗೇ ಸೇರಿಸ್ಬಿಟ್ಟ. ಸತ್ತ ಮೇಲೆ ಉಳ್ಕೊಂಡಿರೋದು ಅದೇ, ಹಾಡುಗಳಿಗಿಂತ ಜಾಸ್ತಿ ಅದೇ. ಸಾವಿನ ಬಗ್ಗೆ ಜಾಸ್ತಿ ಮಾತಾಡಲ್ಲ, 1970ರ ಸೆಪ್ಟೆಂಬರ್ 18, ಲಂಡನ್‌ನ ನಾಟಿಂಗ್ ಹಿಲ್, ನಿದ್ದೆ ಮಾತ್ರೆ ಜಾಸ್ತಿ ಆಗಿ ವಾಂತಿ ಉಸಿರಿಗೆ ಸಿಕ್ಕಿ ಹೋದ, ವಯಸ್ಸು 27. ಅದೇ ವರ್ಷ ಅಕ್ಟೋಬರ್‌ನಲ್ಲಿ ಗಾಯಕಿ ಜಾನಿಸ್ ಜಾಪ್ಲಿನ್, ಮುಂದಿನ ಜುಲೈನಲ್ಲಿ ಗಾಯಕ ಜಿಮ್ ಮಾರಿಸನ್ ಹೋದ್ರು, ಅವರಿಗೂ 27. ಅದನ್ನ ಹಿಡ್ಕೊಂಡು 27ರ ಕ್ಲಬ್ಬು ಅಂತ ಟೀ ಶರ್ಟ್ ಮಾರ್ತಾರೆ, ನನಗೆ ಅದು ಜಾತಕದ ಕಾಲಂ ಓದಿದ ಹಾಗೇ ಅನ್ಸುತ್ತೆ, ಬಿಡಿ.

ಮೊದಲು ಎಡಗೈ ವಿಷ್ಯ. ಹುಟ್ಟಿದ್ದು 1942ರ ನವೆಂಬರ್ 27, ಸಿಯಾಟಲ್‌ನಲ್ಲಿ. ಬಡತನ ಅಂದ್ರೆ ಕಡುಬಡತನ, ಅಪ್ಪನ ಜೊತೆ ಯಾರದೋ ಮನೆ ಕಸ ತೆಗೆಯೋಕೆ ಹೋದಾಗ ಸಿಕ್ಕಿದ ಒಂದೇ ತಂತಿಯ ಯುಕುಲೇಲೆ ಅವನ ಮೊದಲ ವಾದ್ಯ. ಆಮೇಲೆ ಐದು ಡಾಲರ್‌ಗೆ ಒಂದು ಹಳೇ ಗಿಟಾರ್. ಎಡಚ. ಎಡಗೈಯಲ್ಲಿ ನುಡಿಸಿದ್ರೆ ಅಪ್ಪ ಬೈತಿದ್ರು, ಅದು ಸೈತಾನನ ಕೈ ಅಂತ, ಅಪ್ಪ ಒಳಗೆ ಬಂದ ತಕ್ಷಣ ಗಿಟಾರ್ ತಿರುಗಿಸ್ಕೊಂಡು ಬಲಗೈಯಲ್ಲಿ ನುಡಿಸ್ತಿದ್ದ ಅಂತ ತಮ್ಮ ಲಿಯಾನ್ ಹೇಳ್ಕೊಂಡಿದಾರೆ. ನಮ್ಮಲ್ಲಿ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ, ಎಡಗೈಯಲ್ಲಿ ಪ್ರಸಾದ ಇಸ್ಕೊಂಡು ಪೆಟ್ಟು ತಿಂದೋರು ಈ ಹಾಲ್‌ನಲ್ಲೇ ಹತ್ತು ಜನ ಇರ್ತೀರ. (ಹನ್ನೊಂದು ಕೈ ಮೇಲೆ ಹೋಯ್ತು, ಎರಡು ಎಡಗೈ.)

ಎಡಗೈ ಗಿಟಾರ್ ಸಿಗ್ತಿದ್ದಿದ್ದೇ ಅಪರೂಪ, ಸಿಕ್ರೂ ದುಡ್ಡೆಲ್ಲಿ. ಹಾಗಾಗಿ ಬಲಗೈಯವರ ಗಿಟಾರನ್ನ ತಲೆಕೆಳಗು ಮಾಡಿ ತಂತಿ ಮಾತ್ರ ತನಗೆ ಬೇಕಾದ ಹಾಗೆ ತಿರುವಿ ಕಟ್ಕೊಂಡ. ಆಮೇಲೆ ದುಡ್ಡು ಬಂದಾಗ್ಲೂ ಅದೇ ಅಭ್ಯಾಸ, ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಅನ್ನೋ ಬಲಗೈ ಗಿಟಾರನ್ನೇ ತಿರುವಿ ಹಾಕ್ಕೊಂಡು ನುಡಿಸ್ದ. ಈಗ ನೋಡಿ ಇಲ್ಲಿ (ನನ್ನ ಸ್ಟ್ರ್ಯಾಟ್ ಎತ್ತಿ ತೋರಿಸ್ದೆ), ತಂತಿ ಬಂದು ಕೂರೋ ಬ್ರಿಡ್ಜ್ ಹತ್ರ ಇರೋ ಈ ಪಿಕಪ್, ಅಂದ್ರೆ ತಂತಿಯ ಸದ್ದನ್ನ ಹಿಡಿಯೋ ಭಾಗ, ಓರೆಯಾಗಿ ಕೂತಿದೆ. ಸಣ್ಣ ತಂತಿಗಳ ಕಡೆ ಬ್ರಿಡ್ಜ್‌ಗೆ ಹತ್ರ, ದಪ್ಪ ತಂತಿಗಳ ಕಡೆ ದೂರ. ಬ್ರಿಡ್ಜ್‌ಗೆ ಹತ್ರ ಆದಷ್ಟೂ ಸೌಂಡ್ ಚೂಪು, ದೂರ ಆದಷ್ಟೂ ದುಂಡಗೆ. ಗಿಟಾರ್ ತಲೆಕೆಳಗು ಮಾಡಿದ್ರೆ ಈ ಲೆಕ್ಕ ಉಲ್ಟಾ, ದಪ್ಪ ತಂತಿ ಚೂಪಾಗುತ್ತೆ, ಸಣ್ಣ ತಂತಿ ದುಂಡಗಾಗುತ್ತೆ. ಅದು ಅವನ ಸೌಂಡ್‌ನ ಒಂದು ಗುಟ್ಟು, ಪ್ಲಾನ್ ಮಾಡಿದ್ದಲ್ಲ, ಇರೋದ್ರಲ್ಲಿ ಹೊಂದಿಸ್ಕೊಂಡಿದ್ದು. ಅಲುಗಾಡಿಸೋ ಕಡ್ಡಿ, ಅಂದ್ರೆ ವ್ಯಾಮಿ ಬಾರ್, ಅದೂ ಮೇಲಕ್ಕೆ ಬಂತು.

ಸರಿ, ಈಗ ಸತ್ತ ಮೇಲಿನ ಕಥೆ ಕೇಳಿ. ಟೆಕ್ಸಸ್‌ನಲ್ಲಿ ಸ್ಟೀವಿ ರೇ ವಾನ್ ಅಂತ ಒಬ್ಬ ಬಂದ, ಅಪ್ಪಟ ಬಲಗೈಯವನು. ಅವನ ಫೇಮಸ್ ಗಿಟಾರ್ ಇದೆಯಲ್ಲ, ನಂಬರ್ ವನ್ ಅಂತ ಕರೀತಿದ್ದಿದ್ದು, ಅದಕ್ಕೆ ಎಡಗೈಯವರ ವ್ಯಾಮಿ ಬಾರ್ ಹಾಕಿಸ್ಕೊಂಡಿದ್ದ, ಹೆಂಡ್ರಿಕ್ಸ್‌ಗೆ ಇದ್ದ ಹಾಗೆ ಮೇಲುಗಡೆ ಬರ್ಲಿ ಅಂತ! ಗಿಟಾರ್ ಕಂಪನಿಯವರೂ ಸುಮ್ನಿರ್ಲಿಲ್ಲ. 1997ರಲ್ಲಿ ಫೆಂಡರ್‌ನವರು ಎಡಗೈ ಗಿಟಾರ್‌ಗೆ ಬಲಗೈಯವರ ಥರ ತಂತಿ ಕಟ್ಟಿ, ಕಂಪನಿ ಹೆಸರನ್ನೂ ಉಲ್ಟಾ ಅಂಟಿಸಿ ಮಾರಿದ್ರು, ಬಲಗೈಯವನು ಅದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರೆ ಕನ್ನಡೀಲಿ ಹೆಂಡ್ರಿಕ್ಸ್ ಗಿಟಾರ್ ಕಾಣ್ಸುತ್ತೆ. ಈಗ್ಲೂ ತಲೆ ಉಲ್ಟಾ, ಪಿಕಪ್ ಉಲ್ಟಾ ಇರೋ ಮಾಡೆಲ್ ಅವನ ಹೆಸರಲ್ಲೇ ಬರುತ್ತೆ. ಅಂದ್ರೆ ಗತಿ ಇಲ್ದೆ ಒಬ್ಬ ಎಡಚ ಮಾಡ್ಕೊಂಡ ಅಡ್ಜಸ್ಟ್‌ಮೆಂಟನ್ನ ಬಲಗೈಯವರು ದುಡ್ಡು ಕೊಟ್ಟು ಕೊಂಡ್ಕೊಳ್ತಾ ಇದಾರೆ. ಅವರಪ್ಪ ಇದನ್ನ ನೋಡಿ ಏನಂದ್ಕೊಂಡ್ರೋ!

ಎಡಗೈ ಗಿಟಾರ್ ಅಂದಾಗ ಇನ್ನೊಂದು ನೆನಪಾಗುತ್ತೆ, ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್‌ದು. 1966ರ ಸೆಪ್ಟೆಂಬರ್ 24ಕ್ಕೆ ಹೆಂಡ್ರಿಕ್ಸ್ ಲಂಡನ್‌ಗೆ ಬಂದಿಳಿದ, ಅನಿಮಲ್ಸ್ ಬ್ಯಾಂಡಿನ ಬೇಸಿಸ್ಟ್ ಚಾಸ್ ಚ್ಯಾಂಡ್ಲರ್ ನ್ಯೂಯಾರ್ಕ್‌ನ ಒಂದು ಕೆಫೆಯಲ್ಲಿ ಅವನನ್ನ ನೋಡಿ ಕರ್ಕೊಂಡು ಬಂದಿದ್ದ. ವಾರದೊಳಗೆ, ಅಕ್ಟೋಬರ್ 1ಕ್ಕೆ, ಕ್ಲ್ಯಾಪ್ಟನ್‌ನ ಕ್ರೀಮ್ ಬ್ಯಾಂಡ್ ಜೊತೆ ಸ್ಟೇಜ್ ಹತ್ತಿ ಒಂದು ಬ್ಲೂಸ್ ಹಾಡು ನುಡಿಸ್ದ. ಲಂಡನ್‌ನಲ್ಲಿ ಆಗ ಕ್ಲ್ಯಾಪ್ಟನ್ ದೇವ್ರು, ಗೋಡೆ ಮೇಲೆಲ್ಲ ಹಂಗೇ ಬರೀತಿದ್ರು, ಆ ದೇವ್ರು ಅರ್ಧದಲ್ಲೇ ಗಿಟಾರಿಂದ ಕೈ ತೆಗೆದು ಸ್ಟೇಜ್ ಇಳಿದು ಹೋದ್ರು. ಆದ್ರೆ ಇಬ್ಬರೂ ಗೆಳೆಯರಾದ್ರು. ನಾಲ್ಕು ವರ್ಷ ಆದ್ಮೇಲೆ ಕ್ಲ್ಯಾಪ್ಟನ್‌ಗೆ ಒಂದು ಅಂಗಡೀಲಿ ಎಡಗೈ ಸ್ಟ್ರ್ಯಾಟ್ ಕಾಣಿಸ್ತು, ಜಿಮಿಗೆ ಅಂತ ತಗೊಂಡ್ರು, ಆವತ್ತು ರಾತ್ರಿ ಒಂದು ಕಾರ್ಯಕ್ರಮದಲ್ಲಿ ಕೊಡೋಣ ಅಂತ ತಗೊಂಡೂ ಹೋದ್ರು, ದೂರದಲ್ಲಿ ಎದುರು ಬಾಲ್ಕನೀಲಿ ಅವನು ಕಾಣಿಸ್ದ, ಸಿಗ್ಲಿಲ್ಲ. ಬೆಳಿಗ್ಗೆ ಅವನಿಲ್ಲ. ಅದಕ್ಕೂ ಒಂಬತ್ತು ದಿನ ಮುಂಚೆ ಕ್ಲ್ಯಾಪ್ಟನ್ ತಮ್ಮ ಹೊಸ ಬ್ಯಾಂಡ್ ಜೊತೆ ಹೆಂಡ್ರಿಕ್ಸ್‌ನ ಲಿಟಲ್ ವಿಂಗ್ ಹಾಡನ್ನ ರೆಕಾರ್ಡ್ ಮಾಡಿದ್ರು, ಬದುಕಿರೋ ಗೆಳೆಯನಿಗೆ ಮರ್ಯಾದೆ ಅಂತ ಮಾಡಿದ್ದು ನವೆಂಬರ್‌ನಲ್ಲಿ ಬಿಡುಗಡೆ ಆಗೋ ಹೊತ್ತಿಗೆ ಶ್ರದ್ಧಾಂಜಲಿ ಆಗಿತ್ತು.

ಈಗ ಸದ್ದಿನ ವಿಷ್ಯಕ್ಕೆ ಬರ್ತೀನಿ, ಇದು ಮುಖ್ಯ. ಮದುವೆ ಛತ್ರದಲ್ಲಿ ಯಾರೋ ಮೈಕ್ ಹಿಡ್ಕೊಂಡು ಸ್ಪೀಕರ್ ಮುಂದೆ ಹೋದ್ರೆ ಕೂಯ್ಯ್ ಅಂತ ಕೂಗುತ್ತಲ್ಲ, ಎಲ್ಲರೂ ಕಿವಿ ಮುಚ್ಕೊಳ್ತಾರೆ, ಸೌಂಡಿನವನು ಓಡಿ ಬರ್ತಾನೆ. ಅದೇ ಫೀಡ್‌ಬ್ಯಾಕ್. ಸ್ಪೀಕರ್‌ನಿಂದ ಬಂದ ಸದ್ದು ಮತ್ತೆ ಮೈಕ್‌ಗೆ ಹೋಗಿ, ಅದು ಮತ್ತೆ ಸ್ಪೀಕರ್‌ಗೆ ಬಂದು, ಸುತ್ತಿ ಸುತ್ತಿ ಏರ್ತಾ ಹೋಗುತ್ತೆ. ಗಿಟಾರ್‌ನಲ್ಲಿ ಸ್ಪೀಕರ್ ಸದ್ದು ತಂತಿನ ಅಲುಗಾಡಿಸುತ್ತೆ, ಅಷ್ಟೇ ವ್ಯತ್ಯಾಸ. ಹೆಂಡ್ರಿಕ್ಸ್‌ಗಿಂತ ಮುಂಚೆ ಇದನ್ನ ಯಾರೂ ಮಾಡಿರ್ಲಿಲ್ಲ ಅಂತಲ್ಲ, ಬೀಟಲ್ಸ್ ಹಾಡೊಂದರ ಶುರುವಲ್ಲೇ ಇದೆ, ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಮಾಡ್ತಿದ್ರು. ಆದ್ರೆ ಅವರದ್ದು ಪಟಾಕಿ, ಇವನದ್ದು ಅಡುಗೆ ಬೆಂಕಿ. ಯಾವ ಸ್ವರ ಕೂಗ್ಬೇಕು, ಎಷ್ಟೊತ್ತು ಕೂಗ್ಬೇಕು, ಆಂಪ್‌ನಿಂದ ಎಷ್ಟು ಹೆಜ್ಜೆ ದೂರ ನಿಂತ್ರೆ ಆ ಸ್ವರ ಒಂದು ಆಕ್ಟೇವ್, ಅಂದ್ರೆ ಒಂದು ಸ್ಥಾಯಿ, ಮೇಲಕ್ಕೆ ಹಾರುತ್ತೆ, ಎಲ್ಲ ಅವನ ಹತೋಟೀಲಿ.

ವುಡ್‌ಸ್ಟಾಕ್ ಎಲ್ಲರಿಗೂ ಗೊತ್ತು, ನ್ಯೂಯಾರ್ಕ್ ರಾಜ್ಯದ ಬಯಲಲ್ಲಿ ನಡೆದ ಸಂಗೀತದ ಹಬ್ಬ. 1969ರ ಆಗಸ್ಟ್ 18, ಭಾನುವಾರ ರಾತ್ರಿ ಮುಗೀಬೇಕಾಗಿದ್ದ ಹಬ್ಬ ಮಳೆ ಗಿಳೆ ಅಂತ ಎಳೆದು ಎಳೆದು ಅವನ ಸರದಿ ಬಂದಾಗ ಸೋಮವಾರ ಬೆಳಿಗ್ಗೆ, ಬಹುಪಾಲು ಜನ ಗಂಟು ಮೂಟೆ ಕಟ್ಕೊಂಡು ಹೊರಟಿದ್ರು. ಕೆಸರಲ್ಲಿ ಉಳಿದೋರ ಮುಂದೆ ಅಮೆರಿಕದ ರಾಷ್ಟ್ರಗೀತೆ ನುಡಿಸ್ದ. ಹಾಡಲ್ಲಿ ರಾಕೆಟ್ಟು ಬಾಂಬು ಅನ್ನೋ ಸಾಲು ಬರೋ ಜಾಗದಲ್ಲಿ ಗಿಟಾರ್ ನಿಜವಾಗ್ಲೂ ಕೀರಲಾಗಿ ಬೀಳುತ್ತೆ, ಸಿಡಿಯುತ್ತೆ, ಮಧ್ಯದಲ್ಲಿ ಸೈನಿಕರ ಶವಸಂಸ್ಕಾರಕ್ಕೆ ಊದೋ ತುತ್ತೂರಿಯ ಧಾಟಿ ಒಂದು ಕ್ಷಣ ಬಂದು ಹೋಗುತ್ತೆ. ವಿಯೆಟ್ನಾಂ ಯುದ್ಧ ನಡೀತಿತ್ತು, ಇವನೂ ಒಂದು ಕಾಲದಲ್ಲಿ 101ನೇ ಏರ್‌ಬೋರ್ನ್ ಡಿವಿಷನ್‌ನಲ್ಲಿ ಪ್ಯಾರಾಚೂಟ್ ಕಟ್ಕೊಂಡು ಹಾರಿದೋನು. ಆಮೇಲೆ ಟೀವಿಲಿ ಕೇಳಿದಾಗ, ಅದರಲ್ಲಿ ವಿಚಿತ್ರ ಏನೂ ಇಲ್ಲ, ನನಗೆ ಚೆನ್ನಾಗೇ ಅನ್ಸಿತು, ಅನ್ನೋ ಅರ್ಥದಲ್ಲಿ ಮೆಲ್ಲಗೆ ಹೇಳ್ತಾನೆ. ಆ ವಿಡಿಯೋ ನೋಡಿ, ಎಷ್ಟು ನಾಚಿಕೆ ಸ್ವಭಾವದವನು ಅಂತ ಗೊತ್ತಾಗುತ್ತೆ.

ಗಿಟಾರ್ ಸುಟ್ಟಿದ್ದೂ ಕೇಳ್ತೀರ, ಕೇಳ್ಲೇಬೇಕು. 1967ರ ಜೂನ್ 18, ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತೋತ್ಸವ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಅದೇ ದಿನ ಮಧ್ಯಾಹ್ನ ಅದೇ ಸ್ಟೇಜ್ ಮೇಲೆ ಪಂಡಿತ್ ರವಿಶಂಕರ್ ಸಿತಾರ್, ಅಲ್ಲಾ ರಖಾ ತಬಲಾ, ಗಂಟೆಗಟ್ಟಲೆ ನುಡಿಸಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ರಾತ್ರಿ ಅಲ್ಲೇ ಇವನು ಗಿಟಾರ್‌ಗೆ ಲೈಟರ್ ಎಣ್ಣೆ ಸುರಿದು ಬೆಂಕಿ ಹಚ್ಚಿದ. ರವಿಶಂಕರ್‌ಗೆ ತುಂಬಾ ನೋವಾಯ್ತು, ನಾವು ವಾದ್ಯವನ್ನ ಪೂಜೆ ಮಾಡೋರು ಅಂತ ಕೊನೇವರೆಗೂ ಹೇಳ್ತಿದ್ರು. ನಾನು ಆಯುಧಪೂಜೆ ದಿನ ಗಿಟಾರ್‌ಗೆ ಕುಂಕುಮ ಇಟ್ಟು ಹೂ ಏರಿಸೋನು, ಕಾಲು ತಾಗಿದ್ರೆ ಕಣ್ಣಿಗೆ ಒತ್ಕೊಳ್ಳೋನು, ಈ ವಿಷ್ಯದಲ್ಲಿ ನನ್ನ ಓಟು ರವಿಶಂಕರ್‌ಗೇ. ಹೆಂಡ್ರಿಕ್ಸ್ ಭಕ್ತರು ಬೈಬೋದು, ಬೈಲಿ. ಅವನು ಜೀವನದಲ್ಲಿ ಗಿಟಾರ್ ಸುಟ್ಟಿದ್ದು ಎರಡು ಮೂರು ಸಲ, ಫೋಟೋ ಮಾತ್ರ ಲಕ್ಷಾಂತರ ಗೋಡೆ ಮೇಲಿದೆ. ಆ ಫೋಟೋ ನೋಡಿ ಗಿಟಾರ್ ಕಲಿಯೋಕೆ ಬಂದ ಹುಡುಗರು ಮೂರು ತಿಂಗಳಿಗೆ ಬಿಟ್ಟು ಹೋಗ್ತಾರೆ, ಇದು ನನ್ನ ಸ್ವಂತ ಲೆಕ್ಕ.

ಹಂಗಾದ್ರೆ ಉಳಿಯೋದು ಎಲ್ಲಿ? ಒಂದು, ಟೇಪಿನ ಡಬ್ಬಗಳಲ್ಲಿ. ಬದುಕಿದ್ದಾಗ ಅವನು ಬಿಡುಗಡೆ ಮಾಡಿದ್ದು ಸ್ಟುಡಿಯೋ ಆಲ್ಬಮ್ ಮೂರೇ ಮೂರು, ಒಂದು ಲೈವ್. ಸತ್ತ ಮೇಲೆ ಬಂದಿದ್ದು ಡಜನ್‌ಗಟ್ಟಲೆ. ವಿಲ್ ಬರೆದಿರ್ಲಿಲ್ಲ. ಅರ್ಧಂಬರ್ಧ ಟೇಪ್‌ಗಳು ರಾಶಿ ರಾಶಿ ಇದ್ವು. ಮೊದಲನೇದು 1971ರ ಮಾರ್ಚ್‌ನಲ್ಲಿ ಬಂದ ದ ಕ್ರೈ ಆಫ್ ಲವ್, ಅದನ್ನ ಜೊತೆಗಾರರಾದ ಎಡ್ಡಿ ಕ್ರೇಮರ್, ಡ್ರಮ್ಮರ್ ಮಿಚ್ ಮಿಚೆಲ್ ಸೇರಿ ಗೌರವವಾಗಿ ಮಾಡಿದ್ರು. ಆಮೇಲೆ 1975ರಲ್ಲಿ ಅಲನ್ ಡಗ್ಲಸ್ ಅನ್ನೋ ನಿರ್ಮಾಪಕ ಕ್ರ್ಯಾಶ್ ಲ್ಯಾಂಡಿಂಗ್ ಅಂತ ಒಂದು ತೆಗೆದ್ರು, ಅದರಲ್ಲಿ ಹೆಂಡ್ರಿಕ್ಸ್ ಗಿಟಾರ್, ದನಿ ಇಟ್ಕೊಂಡು ಜೊತೆಗೆ ನುಡಿಸಿದ್ದೋರಲ್ಲಿ ಬಹುಪಾಲು ಜನರನ್ನ ಅಳಿಸಿ, ಹೆಂಡ್ರಿಕ್ಸ್ ಮುಖಾನೂ ನೋಡದ ಬಾಡಿಗೆ ವಾದ್ಯಗಾರರ ಕೈಲಿ ಹೊಸದಾಗಿ ನುಡಿಸಿದ್ರು, ಕೆಲವು ಹಾಡಿಗೆ ರಚನೆಯಲ್ಲಿ ತಮ್ಮ ಹೆಸರೂ ಸೇರಿಸ್ಕೊಂಡ್ರು. ಟೇಪ್ ಕೆಟ್ಟಿದೆ ಅಂತ ಅಂಗಡಿಗೆ ಹೋಗಿದ್ದೆನಲ್ಲ ನಾನು, ಅದೇ ಕೆಲಸ, ಇವರು ರಿಪೇರಿನೂ ಮಾಡ್ಬಿಟ್ರು. ಕೇಳಿದ್ರೆ ತುಂಬಾ ಕ್ಲೀನಾಗಿದೆ. ಕ್ಲೀನಾಗಿರೋದೇ ಪ್ರಾಬ್ಲಂ.

1995ರಲ್ಲಿ ಮೈಕ್ರೋಸಾಫ್ಟ್‌ನ ಪಾಲ್ ಆಲನ್ ದುಡ್ಡಿನ ಸಹಾಯ ಮಾಡಿ, ಕೋರ್ಟಲ್ಲಿ ಹೋರಾಡಿ, ಅಪ್ಪ ಆಲ್ ಹೆಂಡ್ರಿಕ್ಸ್‌ಗೆ ಹಕ್ಕು ವಾಪಸ್ ಬಂತು. ಹೌದು, ಸೈತಾನನ ಕೈ ಅಂತ ಬೈತಿದ್ದ ಅದೇ ಅಪ್ಪ. 2002ರಲ್ಲಿ ಅವರೂ ಹೋದ್ರು, ಆಸ್ತಿ ಉಸ್ತುವಾರಿ ದತ್ತು ಮಗಳು ಜೇನಿಗೆ, ಹೆಂಡ್ರಿಕ್ಸ್‌ನ ತಮ್ಮ ಲಿಯಾನ್‌ಗೆ ವಿಲ್‌ನಲ್ಲಿ ಸಿಕ್ಕಿದ್ದು ಒಂದು ಗೋಲ್ಡ್ ರೆಕಾರ್ಡ್, ಕೋರ್ಟ್‌ಗೆ ಹೋಗಿ 2004ರಲ್ಲಿ ಸೋತ್ರು. ಜೊತೆಗೆ ನುಡಿಸಿದ ನೋಯೆಲ್ ರೆಡ್ಡಿಂಗ್, ಮಿಚ್ ಮಿಚೆಲ್ ಎಪ್ಪತ್ತರ ದಶಕದಲ್ಲೇ ಒಂದಿಷ್ಟು ದುಡ್ಡು ಇಸ್ಕೊಂಡು ಕೈ ತೊಳ್ಕೊಂಡಿದ್ರು. ಆಸ್ತಿ ಜಗಳ ಅಂದ್ರೆ ಎಲ್ಲಾ ಊರಲ್ಲೂ ಒಂದೇ, ಬಾವಿ ಯಾರಿಗೆ ಹಿತ್ತಲು ಯಾರಿಗೆ ಅನ್ನೋದು, ಮುಂದಕ್ಕೆ ಹೋಗೋಣ.

ಎರಡು, ಒಂದು ಕಟ್ಟಡ. ನ್ಯೂಯಾರ್ಕ್ ಗ್ರೀನಿಚ್ ವಿಲೇಜ್, 52 ವೆಸ್ಟ್ 8ನೇ ಬೀದಿ, ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋ. ಮೊದಲು ನೈಟ್‌ಕ್ಲಬ್ ಆಗಿತ್ತು, ಅದನ್ನ ಕೊಂಡ್ಕೊಂಡು ಸ್ಟುಡಿಯೋ ಮಾಡೋಕೆ ಹೊರಟ್ರೆ ಕೆಳಗೆ ಹಳೇ ಕಾಲದ ತೊರೆ ಹರೀತಾ ಇದೆ, ಕೆಲಸ ನಡೀತಿದ್ದಾಗ ನೀರು ನುಗ್ಗಿ ಪಂಪ್ ಇಟ್ಟು ಹೊರಗೆ ಹಾಕ್ಬೇಕಾಯ್ತು. ಉದ್ಘಾಟನೆ 1970ರ ಆಗಸ್ಟ್ 26. ಆ ಪಾರ್ಟಿಗೆ ಬಂದ ಪ್ಯಾಟಿ ಸ್ಮಿತ್ ಅನ್ನೋ ಬಡ ಕವಯಿತ್ರಿ ಒಳಗೆ ಹೋಗೋಕೆ ನಾಚ್ಕೊಂಡು ಮೆಟ್ಟಿಲ ಮೇಲೆ ಕೂತಿದ್ರಂತೆ, ಹೆಂಡ್ರಿಕ್ಸ್ ಮೇಲೆ ಬಂದು ನೋಡಿ ನಕ್ಕು, ನಂಗೂ ಪಾರ್ಟಿ ಅಂದ್ರೆ ನಾಚಿಕೆ ಅಂದು, ಲೋಕದ ಎಲ್ಲ ಕಡೆಯ ವಾದ್ಯಗಾರರನ್ನ ಒಂದು ಬಯಲಲ್ಲಿ ಸುತ್ತ ಕೂರಿಸಿ, ಒಂದೇ ಭಾಷೆ ಸಿಗೋವರೆಗೂ ನುಡಿಸ್ತಾ ಇರೋಣ ಅಂತಿದೀನಿ ಅಂದನಂತೆ. ಇಂಗ್ಲೆಂಡಿಗೆ ಹೊರಟವನು ವಾಪಸ್ ಬರ್ಲೇ ಇಲ್ಲ. ಐದು ವರ್ಷ ಆದ್ಮೇಲೆ ಪ್ಯಾಟಿ ಸ್ಮಿತ್ ತಮ್ಮ ಮೊದಲ ಆಲ್ಬಮ್ ರೆಕಾರ್ಡ್ ಮಾಡಿದ್ದು ಅದೇ ಸ್ಟುಡಿಯೋದಲ್ಲಿ. ಗಾಯಕ ಸ್ಟೀವಿ ವಂಡರ್ ಎಪ್ಪತ್ತರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ್ರು, 2000ದ ಹೊತ್ತಿಗೆ ಡಿ ಏಂಜೆಲೋ, ಎರಿಕಾ ಬಾಡು, ಕಾಮನ್ ಅನ್ನೋ ಹಾಡುಗಾರರೆಲ್ಲ ಅಲ್ಲೇ ಬೀಡು ಬಿಟ್ಟಿದ್ರು. ಕಟ್ಟಿದವನು ಕೆಲವೇ ವಾರ ಬಳಸಿದ ಸ್ಟುಡಿಯೋ, ಇವತ್ತಿಗೂ ಬುಕ್ಕಿಂಗ್ ನಡೀತಾ ಇದೆ.

ಲಂಡನ್‌ನಲ್ಲಿ ಇನ್ನೊಂದು ಮಜಾ ಇದೆ. 1968ರಲ್ಲಿ ಅವನು ಗೆಳತಿ ಜೊತೆ 23 ಬ್ರೂಕ್ ಸ್ಟ್ರೀಟ್‌ನ ಮೇಲಿನ ಮಹಡೀಲಿ ಇದ್ದ. ಪಕ್ಕದ 25ರಲ್ಲಿ ಹದಿನೆಂಟನೇ ಶತಮಾನದಲ್ಲಿ ಹ್ಯಾಂಡೆಲ್ ಅನ್ನೋ ದೊಡ್ಡ ಕಂಪೋಸರ್ ಇದ್ರು. ಗೊತ್ತಾದ ಮೇಲೆ ಹೆಂಡ್ರಿಕ್ಸ್ ಹೋಗಿ ಹ್ಯಾಂಡೆಲ್ ರೆಕಾರ್ಡ್‌ಗಳನ್ನ ಕೊಂಡು ತಂದ. 2001ರಲ್ಲಿ ಹ್ಯಾಂಡೆಲ್ ಮ್ಯೂಸಿಯಂ ಆದಾಗ ಹೆಂಡ್ರಿಕ್ಸ್ ರೂಮು ಅವರ ಆಫೀಸು, ಫೈಲು ಕಂಪ್ಯೂಟರ್ ಇಟ್ಕೊಂಡಿದ್ರು. 2016ರಲ್ಲಿ ಆಫೀಸ್ ಖಾಲಿ ಮಾಡಿ ಅವನ ರೂಮನ್ನ ಅವನಿದ್ದ ಹಾಗೇ ಸಿಂಗರಿಸಿ ಜನಕ್ಕೆ ತೆರೆದ್ರು.

ಆದ್ರೆ ನನಗೆ ಮುಖ್ಯ ಅನ್ಸೋದು ಮೂರನೇದು, ಕೈಗಳು. 1964ರ ಹೊತ್ತಿಗೆ ಹೆಸರಿಲ್ಲದ ಹೆಂಡ್ರಿಕ್ಸ್ ಐಸ್ಲಿ ಬ್ರದರ್ಸ್ ಬ್ಯಾಂಡ್‌ನಲ್ಲಿ ಸಂಬಳಕ್ಕೆ ನುಡಿಸ್ತಾ ಅವರ ಮನೇಲೇ ಇದ್ದ. ಆ ಮನೇಲಿ ಚಿಕ್ಕ ತಮ್ಮ ಅರ್ನಿ, ಹನ್ನೊಂದು ಹನ್ನೆರಡರ ಹುಡುಗ. ಬೀಟಲ್ಸ್ ಮೊದಲ ಸಲ ಅಮೆರಿಕದ ಟೀವಿಲಿ ಬಂದಾಗ ಎಲ್ಲರೂ ಜೊತೆಗೆ ಕೂತು ನೋಡಿದ್ವಿ ಅಂತ ಅರ್ನಿ ಹೇಳ್ತಾರೆ, ಮನೇಲಿ ಆತ ಯಾವಾಗ್ಲೂ ನುಡಿಸ್ತಾನೇ ಇರ್ತಿದ್ದ ಅಂತಾನೂ. ಪಾಠ ಗೀಠ ಏನಿಲ್ಲ. ಅರ್ನಿ ಆಗ ಗಿಟಾರ್ ಮುಟ್ಟಿಯೂ ಇರ್ಲಿಲ್ಲ, ಡ್ರಮ್ಸ್ ಹುಡುಗ. ಹೆಂಡ್ರಿಕ್ಸ್ ಸತ್ತು ಮೂರು ವರ್ಷಕ್ಕೆ, 1973ರಲ್ಲಿ, ಐಸ್ಲಿ ಬ್ರದರ್ಸ್‌ದೇ ದಟ್ ಲೇಡಿ ಅನ್ನೋ ಹಾಡು ಬಂತು, ಅದರಲ್ಲಿ ಹಾಡಿನ ಉದ್ದಕ್ಕೂ ಜೇನಿನ ಥರ ಸುರಿಯೋ ಗಿಟಾರ್ ಇದೆಯಲ್ಲ, ಅದು ಅರ್ನಿ. ನಮ್ಮ ಸಂಗೀತದವರು ಹೇಳೋ ಕೇಳ್ಮೆ ಅಂದ್ರೆ ಇದೇ. ಗುರುವಿಗೂ ಗೊತ್ತಿಲ್ಲ, ಶಿಷ್ಯನಿಗೂ ಗೊತ್ತಿಲ್ಲ, ಪಾಠ ಮಾತ್ರ ಆಗಿಹೋಗಿರುತ್ತೆ.

1971ರಲ್ಲಿ ಫಂಕಡೆಲಿಕ್ ಬ್ಯಾಂಡಿನ ಎಡ್ಡಿ ಹೇಜಲ್ ಹತ್ತು ನಿಮಿಷದ ಒಂದೇ ಸೋಲೋ ನುಡಿಸಿದ್ರು, ಮ್ಯಾಗಟ್ ಬ್ರೈನ್. ನಿಮ್ಮಮ್ಮ ಸತ್ತಳು ಅಂತ ಸುದ್ದಿ ಬಂದ ಹಾಗೆ ನುಡಿಸು ಅಂದ್ರಂತೆ ಬ್ಯಾಂಡಿನ ಯಜಮಾನ ಜಾರ್ಜ್ ಕ್ಲಿಂಟನ್. ಹೆಂಡ್ರಿಕ್ಸ್ ಹೋಗಿ ವರ್ಷ ತುಂಬಿರ್ಲಿಲ್ಲ. ಆ ಸೋಲೋನ ರಾತ್ರಿ ಲೈಟ್ ಆರಿಸಿ ಕೇಳಿ, ಹೆಡ್‌ಫೋನ್ ಹಾಕ್ಕೊಂಡು, ಎರಡೂ ಕಿವಿ ಕೆಲಸ ಮಾಡ್ತಿರ್ಬೇಕು ಅಷ್ಟೇ.

ಪ್ರಭಾವ ಅನ್ನೋ ಪದಾನ ಕಂಡಕಂಡಲ್ಲೆಲ್ಲ ಅಂಟಿಸ್ಬಾರ್ದು ಅಂತಾನೂ ಹೇಳ್ತೀನಿ. ಪ್ರಿನ್ಸ್ ಅನ್ನೋ ಪಾಪ್ ಗಾಯಕ ಗಿಟಾರ್ ಹಿಡಿದ ತಕ್ಷಣ ಎಲ್ಲರೂ ಹೆಂಡ್ರಿಕ್ಸ್ ಹೆಂಡ್ರಿಕ್ಸ್ ಅಂದ್ರು, ಪ್ರಿನ್ಸ್‌ಗೆ ಅದು ಇಷ್ಟ ಆಗ್ತಿರ್ಲಿಲ್ಲ, ಸರಿಯಾಗಿ ಕಿವಿ ಕೊಟ್ರೆ ಇನ್ನೊಬ್ಬ ಗಿಟಾರ್ ವಾದಕ ಕಾರ್ಲೋಸ್ ಸಂಟಾನ ಜಾಸ್ತಿ ಕೇಳ್ಸುತ್ತೆ, ಕರಿಯ ಅನ್ನೋ ಒಂದೇ ಕಾರಣಕ್ಕೆ ಹೋಲಿಸ್ತಾರೆ ಅಂತಿದ್ರು. ನಿಜ ಕೂಡ. ಇನ್ನೊಂದು ಕಡೆ ಬದುಕಿದ್ದಾಗ ಹೆಂಡ್ರಿಕ್ಸ್‌ನ ಅಮೆರಿಕದ ಕರಿಯರ ರೇಡಿಯೋ ಸ್ಟೇಷನ್‌ಗಳು ಹೆಚ್ಚಾಗಿ ಹಾಕ್ತಾನೇ ಇರ್ಲಿಲ್ಲ, ಅದು ಅವನಿಗೆ ಕೊರೀತಿತ್ತು, ವುಡ್‌ಸ್ಟಾಕ್ ಆಗಿ ಮೂರು ವಾರಕ್ಕೆ ನ್ಯೂಯಾರ್ಕ್‌ನ ಕರಿಯರ ಬಡಾವಣೆ ಹಾರ್ಲೆಮ್‌ನ ಬೀದೀಲಿ ಹೋಗಿ ಪುಕ್ಕಟೆ ನುಡಿಸ್ದ. ಸತ್ತ ಮೇಲೆ ಅರ್ನಿ, ಎಡ್ಡಿ ಹೇಜಲ್, ಆಮೇಲೆ ಎಂಬತ್ತರಲ್ಲಿ ಲಿವಿಂಗ್ ಕಲರ್‌ನ ವರ್ನನ್ ರೀಡ್, ಇವರ ಕೈಯಿಂದ ಅವನು ಕರಿಯರ ಸಂಗೀತದ ಆ ಮನೆಗೆ ವಾಪಸ್ ಹೋದ ಅಂತ ನಾನು ಅಂದ್ಕೊಳ್ತೀನಿ.

ಕೈ ಅಂದ್ನಲ್ಲ, ತೋರಿಸ್ತೀನಿ. ಲಿಟಲ್ ವಿಂಗ್, ಮೂಲ ಹಾಡು ಎರಡೂವರೆ ನಿಮಿಷ ಕೂಡ ಇಲ್ಲ. ಶಾಸ್ತ್ರದ ಪ್ರಕಾರ ಹೆಬ್ಬೆರಳು ಗಿಟಾರ್ ಕುತ್ತಿಗೆ ಹಿಂದೆ ಇರ್ಬೇಕು. ಇವನದ್ದು ಅಗಲವಾದ ಕೈ, ಹೆಬ್ಬೆರಳನ್ನ ಮೇಲಿಂದ ಸುತ್ತಿ ತಂದು ದಪ್ಪ ತಂತಿನ ಅದರಲ್ಲೇ ಒತ್ತೋನು. ಆಗ ಏನಾಗುತ್ತೆ, ಬೇಸ್ ಹೆಬ್ಬೆರಳು ನೋಡ್ಕೊಳ್ಳುತ್ತೆ, ಉಳಿದ ನಾಲ್ಕು ಬೆರಳು ಖಾಲಿ. ಆ ಬೆರಳುಗಳು ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಯೋ ಸ್ವರಗಳ ಗುಂಪು, ಅದನ್ನ ಹಿಡಿದ ಜಾಗದಲ್ಲೇ ಪಕ್ಕದ ಸ್ವರಾನ ಮುಟ್ಟಿ ಬಿಟ್ಟು, ಜಾರಿ, ಎರಡೆರಡು ತಂತಿ ಒಟ್ಟಿಗೆ ತಟ್ಟಿ, ಕಾರ್ಡೂ ಹೌದು ಹಾಡೂ ಹೌದು ಅನ್ನೋ ಹಾಗೆ ಮಾಡ್ತವೆ. (ಇಲ್ಲಿ ನುಡಿಸಿದೆ, ಎರಡನೇ ಸಾಲಲ್ಲಿ ತಪ್ಪಿದೆ, ಹುಡುಗನ ರೆಕಾರ್ಡಿಂಗಲ್ಲಿ ಅದೂ ಇದೆ.) ಅವನು ಇದನ್ನ ಸೋಲ್ ಗಾಯಕ ಕರ್ಟಿಸ್ ಮೇಫೀಲ್ಡ್‌ನಂಥವರಿಂದ ಎತ್ಕೊಂಡಿದ್ದು, ಯಾರೂ ಆಕಾಶದಿಂದ ಬೀಳಲ್ಲ. ಸ್ಟೀವಿ ರೇ ವಾನ್ ಇದನ್ನ ಹಾಡೇ ಇಲ್ದೆ ಏಳು ನಿಮಿಷದ ಹತ್ರ ಬೆಳೆಸಿ ನುಡಿಸಿದ್ರು, ಅದು ಹೊರಗೆ ಬಂದಿದ್ದು ಅವರೂ ಹೆಲಿಕಾಪ್ಟರ್ ಅಪಘಾತದಲ್ಲಿ ಹೋದ ಮೇಲೆ. ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ಜಾನ್ ಫ್ರುಶಾಂಟೆ 1991ರ ಅಂಡರ್ ದ ಬ್ರಿಡ್ಜ್ ಶುರು ಮಾಡೋದು ಇದೇ ಕೈಯಲ್ಲಿ. ಈಗ ರೀಲ್ಸ್ ತೆಗೆದ್ರೆ ಬೆಂಗಳೂರಿನ ಹುಡುಗ ಹುಡುಗಿಯರು ಬೆಡ್‌ರೂಮಲ್ಲಿ ಕೂತು ನಿಯೋ ಸೋಲ್ ಅಂತ ಮೆತ್ತಗೆ ಕಾರ್ಡ್ ನುಡಿಸ್ತಾರಲ್ಲ, ಕೈ ನೋಡಿ, ಹೆಬ್ಬೆರಳು ಎಲ್ಲಿದೆ ನೋಡಿ. ಅವರಲ್ಲಿ ಅರ್ಧ ಜನ ಹೆಂಡ್ರಿಕ್ಸ್ ಕೇಳೇ ಇಲ್ಲ.

ನಮ್ಮ ಸಂಗೀತಕ್ಕೆ ಏನಾದ್ರೂ ನಂಟಿದೆಯಾ ಅಂತ ಕೇಳ್ತೀರ. ಇದೆ, ಸುತ್ತಿ ಬಳಸಿ. ಜ್ಯಾಝ್‌ನ ಮೈಲ್ಸ್ ಡೇವಿಸ್‌ಗೆ ಇವನ ಹುಚ್ಚು, ಸಿಯಾಟಲ್‌ಗೆ ಅಂತ್ಯಕ್ರಿಯೆಗೂ ಹೋಗಿದ್ರು, ಅದಕ್ಕೆ ಮುಂಚೆ 1969ರಲ್ಲಿ ಹೆಂಡ್ರಿಕ್ಸ್, ಮೈಲ್ಸ್ ಎಲ್ಲ ಸೇರಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಗೆ ಬೇಸ್ ನುಡಿಸೋಕೆ ಬನ್ನಿ ಅಂತ ಟೆಲಿಗ್ರಾಂ ಕಳಿಸಿದ್ರೆ ಅವರು ರಜದ ಮೇಲೆ ಸ್ಕಾಟ್ಲೆಂಡ್‌ಗೆ ಹೋಗಿದ್ರಂತೆ! ಮೈಲ್ಸ್ ಜೊತೆಗಿದ್ದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1969ರಲ್ಲಿ ಹೆಂಡ್ರಿಕ್ಸ್ ಜೊತೆ ಒಂದು ರಾತ್ರಿ ಜ್ಯಾಮ್ ಮಾಡಿದೋರು. ಆಮೇಲೆ ಮಹಾವಿಷ್ಣು ಆರ್ಕೆಸ್ಟ್ರಾ ಅಂತ ಕಿವಿ ಹರಿಯೋ ವಾಲ್ಯೂಮ್‌ನಲ್ಲಿ ನುಡಿಸಿ, ಅದು ಸಾಕಾಗಿ ಶಕ್ತಿ ಅಂತ ಶುರು ಮಾಡಿದ್ರು, ಎಲ್. ಶಂಕರ್ ಪಿಟೀಲು, ವಿಕ್ಕು ವಿನಾಯಕರಾಂ ಘಟ, ಜಾಕಿರ್ ಹುಸೇನ್ ತಬಲಾ. ಗಮಕ ಬರ್ಲಿ ಅಂತ ಗಿಟಾರ್ ಮೆಟ್ಟಿಲುಗಳ ನಡುವಿನ ಮರಾನ ಕೊರೆಸಿ ಗುಳಿ ಮಾಡಿಸ್ಕೊಂಡ್ರು, ವೀಣೆ ಥರ ತಂತಿ ಒತ್ತಿ ಎಳೆಯೋಕೆ. ಇದಕ್ಕೆ ಉಲ್ಟಾ ದಾರೀಲಿ ಬಂದೋರು ನಮ್ಮ ಪಕ್ಕದ ತಮಿಳುನಾಡಿನ ಪ್ರಸನ್ನ, ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ಕಚೇರಿ ಮಾಡೋರು, 2006ರಲ್ಲಿ ಎಲೆಕ್ಟ್ರಿಕ್ ಗಣೇಶ ಲ್ಯಾಂಡ್ ಅಂತ ಹೆಂಡ್ರಿಕ್ಸ್‌ಗೆ ಅಂತಾನೇ ಆಲ್ಬಮ್ ಮಾಡಿದ್ರು. ಹೆಸರಲ್ಲೇ ಗಣೇಶನ್ನ ಕೂರಿಸಿದಾರೆ, ಆಯುಧಪೂಜೆ ಲೆಕ್ಕ ಚುಕ್ತಾ ಆಯ್ತು ಅಂದ್ಕೊಳ್ಳಿ.

ಕೊನೇದಾಗಿ ಪೆಡಲ್, ಅಂದ್ರೆ ಕಾಲಲ್ಲಿ ಒತ್ತಿ ಗಿಟಾರ್ ಸೌಂಡ್ ಬದಲಿಸೋ ಡಬ್ಬಿ, ಅದರ ಬಗ್ಗೆ ಬೈಬೇಕು. ಹೆಂಡ್ರಿಕ್ಸ್ ಸೌಂಡ್ ಬೇಕು ಅಂತ ಹುಡುಗರು ಸಂಬಳ ಪೂರ್ತಿ ಸುರಿದು ಫಝ್, ವಾ, ಆಕ್ಟೇವಿಯಾ, ಯೂನಿವೈಬ್ ಅಂತೆಲ್ಲ ಪೆಡಲ್ ತರಿಸ್ತಾರೆ. ಆಕ್ಟೇವಿಯಾ ಮಾಡಿಕೊಟ್ಟ ರೋಜರ್ ಮೇಯರ್ ಬ್ರಿಟಿಷ್ ನೌಕಾಪಡೆಯವರ ಹತ್ರ ಸದ್ದು ಕಂಪನದ ಕೆಲಸ ಮಾಡ್ತಿದ್ದ ಟೆಕ್ನಿಷಿಯನ್, ಹೆಂಡ್ರಿಕ್ಸ್ ಅವರ ಜೊತೆ ಕೂತು ತಿದ್ದಿ ತಿದ್ದಿ ಮಾಡಿಸ್ಕೊಂಡಿದ್ದು, ಅದು ಡಬ್ಬಿ ತೆಗೆದ ತಕ್ಷಣ ಬರೋದಲ್ಲ. ಈ ಫಝ್ ಫೇಸ್ ನೋಡಿ, ಪೂರ್ತಿ ಆನ್ ಇದೆ, ಕರಕರ ಅಂತಿದೆ. ಈಗ ಪೆಡಲ್ ಮುಟ್ಟಲ್ಲ, ಗಿಟಾರ್‌ನ ವಾಲ್ಯೂಮ್ ಗುಂಡಿ ಮಾತ್ರ ಹತ್ತರಿಂದ ಆರಕ್ಕೆ ಇಳಿಸ್ತೀನಿ. ಕೇಳಿ, ಎಷ್ಟು ತಿಳಿಯಾಯ್ತು, ಗಂಟೆ ಥರ. ಮತ್ತೆ ಹತ್ತು, ಬೆಂಕಿ. ಅವನು ಒಂದೇ ಹಾಡಲ್ಲಿ ಇದನ್ನ ಏರಿಸ್ತಾ ಇಳಿಸ್ತಾ ಇರ್ತಿದ್ದ. ಗುಂಡಿ ನಿಮ್ಮ ಗಿಟಾರ್‌ನಲ್ಲಿ ಆಗ್ಲೇ ಇದೆ, ಅದಕ್ಕೆ ದುಡ್ಡು ಕೊಟ್ಟಾಗಿದೆ.

ಪ್ರಶ್ನೆ ಇದ್ರೆ ಕೇಳಿ ಅಂದೆ. ಒಂದಿಷ್ಟು ಮಾಮೂಲಿ ಪ್ರಶ್ನೆ ಬಂದ್ವು, ಯಾರು ಗ್ರೇಟು ಹೆಂಡ್ರಿಕ್ಸಾ ಕ್ಲ್ಯಾಪ್ಟನ್ನಾ ಅಂತ. ಕೊನೆಗೆ ಹಿಂದಿನ ಸಾಲಿಂದ ಹೈಸ್ಕೂಲ್ ಹುಡುಗಿಯೊಬ್ಬಳು ಎದ್ದು, ಅಂಕಲ್ ನಾನೂ ಎಡಚಿ, ಬಲಗೈದೇ ಕಲಿ ಅಂತ ಕ್ಲಾಸಲ್ಲಿ ಹೇಳ್ತಾರೆ, ಏನ್ ಮಾಡ್ಲಿ ಅಂದ್ಲು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಬಾ ಇಲ್ಲಿ ಅಂತ ಕರೆದು ನನ್ನ ಸ್ಟ್ರ್ಯಾಟನ್ನ ತಲೆಕೆಳಗು ಮಾಡಿ ಕೊರಳಿಗೆ ಹಾಕ್ದೆ. ತಂತಿ ತಿರುವಿರ್ಲಿಲ್ಲ, ಎಲ್ಲ ಉಲ್ಟಾ, ಆದ್ರೂ ಎಡಗೈಯಲ್ಲಿ ಒಂದು ಸಲ ಜೋರಾಗಿ ಬಾರಿಸಿದ್ಲು, ಮುಖ ಅರಳಿತು. ಇನ್ನೊಂದ್ಸಲ ಬಾರಿಸೋಕೆ ಹೋದ್ರೆ ಸೌಂಡೇ ಇಲ್ಲ. ಆಂಪ್ ನೋಡ್ದೆ, ಕೇಬಲ್ ನೋಡ್ದೆ. ಗಿಟಾರ್ ಉಲ್ಟಾ ಆಗಿದ್ರಿಂದ ಗುಂಡಿಗಳೆಲ್ಲ ಮೇಲಕ್ಕೆ ಬಂದಿದ್ವು, ಬಾರಿಸೋ ರಭಸಕ್ಕೆ ಅವಳ ಮೊಣಕೈ ತಾಗಿ ವಾಲ್ಯೂಮ್ ಸೊನ್ನೆಗೆ ತಿರುಗಿತ್ತು. ಹಂಗಾದ್ರೆ ಅವನಿಗೆ ತಾಗ್ತಿರ್ಲಿಲ್ವಾ ಅಂಕಲ್, ಅಂದ್ಲು.